ತೆಳು ತಗಡಿನ ಕಾವಲು: ಫ್ರೆಡ್ ವಿಪಲ್ ಅವರ ಬದುಕು

ಬೇಸಿಗೆಯ ರಾತ್ರಿ ಕಣದಲ್ಲೋ ಅಂಗಳದಲ್ಲೋ ಮಲಗಿ ಆಕಾಶ ನೋಡಿದವರಿಗೆಲ್ಲ ಚುಕ್ಕಿ ಬೀಳುವುದು ಗೊತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಬೆಳ್ಳಿ ಗೆರೆ ಮೂಡಿ ಮಾಯವಾಗುತ್ತದೆ. ಬೀಳುವುದು ಚುಕ್ಕಿಯಲ್ಲ. ರಾಗಿ ಕಾಳಿನಷ್ಟೋ ಸಾಸಿವೆ ಕಾಳಿನಷ್ಟೋ ಇರುವ ಒಂದು ಕಣ ಬಾಹ್ಯಾಕಾಶದಿಂದ ಬಂದು, ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಸಿಕ್ಕಿ ಉರಿದು ಹೋಗುವಾಗ ಕಾಣುವ ಬೆಳಕು ಅದು. ಭೂಮಿಗೆ ಗಾಳಿಯ ಹೊದಿಕೆ ಇರುವುದರಿಂದ ನಾವು ನಿಶ್ಚಿಂತೆಯಿಂದ ಮಲಗಿರುತ್ತೇವೆ. ಆದರೆ ಆ ಹೊದಿಕೆಯನ್ನು ದಾಟಿ ಹೋದ ನೌಕೆಯನ್ನು ಕಾಯುವವರು ಯಾರು?

ಮನುಷ್ಯ ಇನ್ನೂ ಒಂದೇ ಒಂದು ಉಪಗ್ರಹವನ್ನೂ ಹಾರಿಸದಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಂಡು, ಒಂದು ತೆಳು ತಗಡಿನಲ್ಲಿ ಅದಕ್ಕೆ ಉತ್ತರ ಕಂಡವರು ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ಲಾರೆನ್ಸ್ ವಿಪಲ್. ಅವರು ತೀರಿಕೊಂಡು ಎರಡು ದಶಕಗಳು ಕಳೆದಿವೆ. ಇಂದಿಗೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮಲಗಿ ಏಳುವ ಗಗನಯಾತ್ರಿಗಳ ಸುತ್ತ ಇರುವುದು ಅವರ ಹೆಸರಿನ ಕವಚವೇ. ನಮ್ಮಂಥ ಹಳ್ಳಿಯ ಶಾಲೆಯ ಮಕ್ಕಳು ಅವರ ಬದುಕನ್ನು ತಿಳಿಯಬೇಕು ಎಂಬ ಆಸೆಯಿಂದ ಈ ಲೇಖನ.

ಹೊಲದ ಮನೆಯ ಹುಡುಗ

ವಿಪಲ್ ಹುಟ್ಟಿದ್ದು 1906ರ ನವೆಂಬರ್ 5ರಂದು, ಅಮೆರಿಕದ ಅಯೋವಾ ರಾಜ್ಯದ ರೆಡ್ ಓಕ್ ಎಂಬಲ್ಲಿ. ಅಯೋವಾ ಎಂದರೆ ಕಣ್ಣು ಹಾಯುವವರೆಗೂ ಮುಸುಕಿನ ಜೋಳದ ಹೊಲಗಳು. ಅವರ ಮನೆತನವೂ ಬೇಸಾಯದ್ದೇ. ಹುಡುಗ ಹದಿಹರೆಯದಲ್ಲಿದ್ದಾಗ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಯಿತು.

ಚಿಕ್ಕಂದಿನಲ್ಲಿ ಅವರಿಗೆ ಪೋಲಿಯೊ ತಗುಲಿತು. ಟೆನಿಸ್ ಆಟದಲ್ಲಿ ದೊಡ್ಡ ಹೆಸರು ಮಾಡಬೇಕೆಂಬ ಕನಸಿತ್ತು. ಕಾಯಿಲೆ ಆ ಕನಸನ್ನು ಕಿತ್ತುಕೊಂಡಿತು. ಆಟದ ಬಯಲು ಕೈತಪ್ಪಿದಾಗ ಹುಡುಗ ಲೆಕ್ಕದ ಪುಸ್ತಕ ಹಿಡಿದ. 1927ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಪದವಿ ಪಡೆದರು. ಗಣಿತದ ದಾರಿ ಹಿಡಿದು ಖಗೋಳಶಾಸ್ತ್ರಕ್ಕೆ ಬಂದು, ಬರ್ಕ್ಲಿಯಲ್ಲಿ ಸಂಶೋಧನೆಗೆ ಸೇರಿದರು.

1930ರಲ್ಲಿ ಪ್ಲೂಟೊ ಪತ್ತೆಯಾಯಿತು. ಹೊಸದಾಗಿ ಕಂಡ ಆ ಕಾಯ ಸೂರ್ಯನ ಸುತ್ತ ಯಾವ ಹಾದಿಯಲ್ಲಿ ಸುತ್ತುತ್ತಿದೆ ಎಂಬ ಲೆಕ್ಕವನ್ನು ಮೊದಮೊದಲು ಮಾಡಿದವರಲ್ಲಿ ವಿದ್ಯಾರ್ಥಿಯಾಗಿದ್ದ ವಿಪಲ್ ಒಬ್ಬರು. ಗಣಕಯಂತ್ರಗಳಿಲ್ಲದ ಕಾಲ ಅದು. ಲಾಗರಿತಮ್ ಕೋಷ್ಟಕ, ಕಾಗದ, ಪೆನ್ಸಿಲ್, ತಾಳ್ಮೆ ಇವೇ ಉಪಕರಣ. 1931ರಲ್ಲಿ ಡಾಕ್ಟರೇಟ್ ಪಡೆದು ಹಾರ್ವರ್ಡ್ ವೀಕ್ಷಣಾಲಯಕ್ಕೆ ಸೇರಿದರು. ಮುಂದಿನ ಬದುಕೆಲ್ಲ ಅಲ್ಲಿಯೇ ಸವೆಯಿತು.

ಉಲ್ಕೆಗಳ ಜಾಡು ಹಿಡಿದು

ಹಾರ್ವರ್ಡ್‌ನಲ್ಲಿ ಆಗಸದ ಛಾಯಾಚಿತ್ರ ತೆಗೆದ ಗಾಜಿನ ಫಲಕಗಳು ರಾಶಿ ರಾಶಿ ಬರುತ್ತಿದ್ದವು. ಅವನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ಪರೀಕ್ಷಿಸುವುದು ಬೇಸರದ ಕೆಲಸ. ವಿಪಲ್ ಅದನ್ನೇ ಶ್ರದ್ಧೆಯಿಂದ ಮಾಡಿದರು. ಹಾಗೆ ಹುಡುಕುತ್ತ 1933ರಲ್ಲಿ ಅವರಿಗೊಂದು ಧೂಮಕೇತು ಸಿಕ್ಕಿತು. ಒಟ್ಟು ಆರು ಧೂಮಕೇತುಗಳು ಅವರ ಕಣ್ಣಿಗೆ ಬಿದ್ದವು.

ಅವರಿಗೆ ಉಲ್ಕೆಗಳ ಮೇಲೂ ಅಷ್ಟೇ ಮೋಹ. ಉಲ್ಕೆಗಳು ಎಲ್ಲಿಂದ ಬರುತ್ತವೆ? ನಕ್ಷತ್ರಗಳ ನಡುವಿನ ದೂರದ ಆಕಾಶದಿಂದಲೋ, ನಮ್ಮ ಸೌರಮಂಡಲದ ಒಳಗಿನಿಂದಲೋ? ಆಗ ವಿದ್ವಾಂಸರಲ್ಲೇ ಈ ಬಗ್ಗೆ ಜಗಳವಿತ್ತು. ವಿಪಲ್ ಒಂದು ಸರಳ ಉಪಾಯ ಮಾಡಿದರು. ದೂರ ದೂರದ ಎರಡು ಸ್ಥಳಗಳಲ್ಲಿ ಎರಡು ಕ್ಯಾಮೆರಾ ಇಟ್ಟು ಒಂದೇ ಉಲ್ಕೆಯ ಚಿತ್ರ ತೆಗೆಯುವುದು. ಕ್ಯಾಮೆರಾದ ಮುಂದೆ ತಿರುಗುವ ರೆಕ್ಕೆಯಿಟ್ಟು, ಉಲ್ಕೆಯ ಗೆರೆ ಚಿತ್ರದಲ್ಲಿ ತುಂಡು ತುಂಡಾಗಿ ಮೂಡುವಂತೆ ಮಾಡುವುದು. ಎರಡು ಚಿತ್ರಗಳನ್ನು ಹೋಲಿಸಿದರೆ ಉಲ್ಕೆಯ ಎತ್ತರ ಸಿಗುತ್ತದೆ. ತುಂಡುಗಳ ಉದ್ದ ಅಳೆದರೆ ವೇಗ ಸಿಗುತ್ತದೆ. ಎರಡೂ ಸಿಕ್ಕರೆ ಅದು ಬಂದ ಹಾದಿಯನ್ನೇ ಹಿಂದಕ್ಕೆ ಗುರುತಿಸಬಹುದು. ಹೀಗೆ ನೋಡಿದಾಗ ಉಲ್ಕೆಗಳು ನಮ್ಮ ಸೌರಮಂಡಲದವೇ, ಹೆಚ್ಚಿನವು ಧೂಮಕೇತುಗಳು ಉದುರಿಸಿದ ಧೂಳು ಎಂದು ತಿಳಿಯಿತು.

ಈ ಕೆಲಸದಿಂದ ವಿಪಲ್ ಅವರಿಗೆ ಇನ್ನೊಂದು ಸಂಗತಿ ಚೆನ್ನಾಗಿ ಮನವರಿಕೆಯಾಯಿತು. ಬಾಹ್ಯಾಕಾಶ ಖಾಲಿಯಲ್ಲ. ಅಲ್ಲಿ ಧೂಳಿದೆ. ಆ ಧೂಳು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಭೂಮಿಯ ಗಾಳಿಗೆ ನುಗ್ಗುತ್ತದೆ. ಬಂದೂಕಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್.

ಯುದ್ಧದ ತಗಡು, ಶಾಂತಿಯ ತಗಡು

ಎರಡನೆಯ ಮಹಾಯುದ್ಧದಲ್ಲಿ ವಿಪಲ್ ರೇಡಾರ್ ಸಂಶೋಧನೆಗೆ ಹೋಗಬೇಕಾಯಿತು. ಶತ್ರುವಿನ ರೇಡಾರ್ ಕಣ್ಣಿಗೆ ಮಣ್ಣೆರಚಲು ವಿಮಾನಗಳಿಂದ ಅಲ್ಯೂಮಿನಿಯಂ ಹಾಳೆಯ ಸಣ್ಣ ಸಣ್ಣ ಪಟ್ಟಿಗಳನ್ನು ಉದುರಿಸುತ್ತಿದ್ದರು. ರೇಡಾರಿಗೆ ಅವೇ ವಿಮಾನಗಳ ಹಿಂಡಿನಂತೆ ಕಾಣುತ್ತಿದ್ದವು. ಆ ಪಟ್ಟಿಗಳನ್ನು ಸರಿಯಾದ ಅಳತೆಗೆ ಸಾವಿರಗಟ್ಟಲೆ ಕತ್ತರಿಸುವ ಯಂತ್ರವನ್ನು ರೂಪಿಸಿದವರಲ್ಲಿ ವಿಪಲ್ ಒಬ್ಬರು. ಅನೇಕ ವಿಮಾನ ಸಿಬ್ಬಂದಿಯ ಜೀವ ಉಳಿಸಿದ ಈ ಕೆಲಸಕ್ಕಾಗಿ 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರಿಂದ ಪ್ರಶಂಸಾಪತ್ರ ದೊರೆಯಿತು.

ಯುದ್ಧ ಮುಗಿದ ಮೇಲೆ, 1946–47ರಲ್ಲಿ, ಅವರು ಬಾಹ್ಯಾಕಾಶ ನೌಕೆಗಳ ಕಾವಲಿನ ಬಗ್ಗೆ ಯೋಚಿಸಿದರು. ಸ್ಪುಟ್ನಿಕ್ ಹಾರಲು ಇನ್ನೂ ಹತ್ತು ವರ್ಷ ಬಾಕಿಯಿತ್ತು. ನೌಕೆ ಎಂಬುದೇ ಕಥೆಗಾರರ ಕಲ್ಪನೆಯಾಗಿದ್ದ ಕಾಲವದು.

ವಿದ್ಯಾರ್ಥಿಗಳೇ, ಒಂಬತ್ತನೆಯ ತರಗತಿಯಲ್ಲಿ ನೀವು ಓದುವ ಚಲನಶಕ್ತಿಯ ಸೂತ್ರ ನೆನಪಿಸಿಕೊಳ್ಳಿ. ರಾಶಿ ಎರಡರಷ್ಟಾದರೆ ಶಕ್ತಿಯೂ ಎರಡರಷ್ಟಾಗುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ವೇಗ ನೂರರಷ್ಟಾದರೆ ಶಕ್ತಿ ಹತ್ತು ಸಾವಿರದಷ್ಟು. ಆದ್ದರಿಂದಲೇ ಕಾಳಿನಷ್ಟು ಧೂಳು ನೌಕೆಯ ಗೋಡೆಯನ್ನು ತೂತು ಮಾಡಬಲ್ಲದು.

ಇದಕ್ಕೆ ಯಾರಿಗಾದರೂ ಮೊದಲು ಹೊಳೆಯುವ ಪರಿಹಾರ ಗೋಡೆಯನ್ನು ದಪ್ಪ ಮಾಡುವುದು. ಆದರೆ ದಪ್ಪ ಗೋಡೆ ಎಂದರೆ ಭಾರ. ಭಾರವಾದ ನೌಕೆಯನ್ನು ನೆಲದಿಂದ ಎತ್ತುವುದೇ ಕಷ್ಟ. ವಿಪಲ್ ಬೇರೆ ದಾರಿ ಹುಡುಕಿದರು. ನೌಕೆಯ ಗೋಡೆಯಿಂದ ಸ್ವಲ್ಪ ದೂರದಲ್ಲಿ, ಅದರ ಹೊರಗೆ, ತೆಳುವಾದ ಒಂದು ತಗಡು ನಿಲ್ಲಿಸಬೇಕು. ನಡುವೆ ಖಾಲಿ ಜಾಗ ಬಿಡಬೇಕು. ಅಷ್ಟೇ.

ತೆಳು ತಗಡು ಧೂಳನ್ನು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಅತಿವೇಗದಿಂದ ಬಂದ ಕಣ ತಗಡಿಗೆ ಬಡಿದ ಕ್ಷಣದಲ್ಲೇ ತಾನೂ ಪುಡಿಯಾಗಿ, ಕರಗಿ, ಆವಿಯಾಗುತ್ತದೆ. ಬಡಿದ ಜಾಗದ ತಗಡೂ ಹಾಗೆಯೇ ಆಗುತ್ತದೆ. ಆ ಪುಡಿ ಮತ್ತು ಆವಿ ಖಾಲಿ ಜಾಗದಲ್ಲಿ ಕೊಡೆಯಂತೆ ಅರಳಿ ಹರಡಿಕೊಳ್ಳುತ್ತದೆ. ಒಳಗಿನ ಗೋಡೆಗೆ ತಲುಪುವ ಹೊತ್ತಿಗೆ ಸೂಜಿಮೊನೆಯಲ್ಲಿ ಬೀಳಬೇಕಿದ್ದ ಪೆಟ್ಟು ಅಗಲವಾದ ಜಾಗಕ್ಕೆ ಹಂಚಿಹೋಗಿರುತ್ತದೆ. ಗೋಡೆ ಅದನ್ನು ತಾಳಿಕೊಳ್ಳುತ್ತದೆ.

ನಮ್ಮ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪಂಪಿನ ನೀರು ರಭಸದಿಂದ ಬೀಳುವ ಜಾಗದಲ್ಲಿ ಒಂದು ಚಪ್ಪಡಿ ಕಲ್ಲು ಇಡುತ್ತಾರೆ. ನೀರು ನಿಲ್ಲುವುದಿಲ್ಲ, ಆದರೆ ಕಲ್ಲಿಗೆ ಬಡಿದು ಚದುರುತ್ತದೆ. ಕಾಲುವೆಯ ಮಣ್ಣು ಕೊರೆದು ಗುಂಡಿಯಾಗುವುದು ತಪ್ಪುತ್ತದೆ. ವಿಪಲ್ ಅವರ ತಗಡು ಮಾಡುವುದೂ ಪೆಟ್ಟನ್ನು ಚದುರಿಸುವ ಕೆಲಸವನ್ನೇ. ಕಲ್ಲು ಉಳಿಯುತ್ತದೆ, ತಗಡಿನಲ್ಲಿ ಮಾತ್ರ ಸಣ್ಣ ತೂತು ಬೀಳುತ್ತದೆ.

ಇದರಲ್ಲೊಂದು ಸ್ವಾರಸ್ಯವಿದೆ. ನಿಧಾನವಾಗಿ ಬಂದ ಕಣ ತಗಡಿಗೆ ಬಡಿದು ಪುಡಿಯಾಗದೆ ಇಡಿಯಾಗಿ ಒಳನುಗ್ಗಬಹುದು. ವೇಗವಾಗಿ ಬಂದದ್ದು ತನ್ನ ವೇಗದಿಂದಲೇ ನುಚ್ಚುನೂರಾಗುತ್ತದೆ. ಶತ್ರುವಿನ ಬಲವನ್ನೇ ಶತ್ರುವಿನ ಮೇಲೆ ತಿರುಗಿಸುವ ಉಪಾಯ ಇದು.

ಕೊಳಕು ಹಿಮದ ಉಂಡೆ

1949ರಲ್ಲಿ ವಿಪಲ್ ಹಾರ್ವರ್ಡ್‌ನ ಖಗೋಳಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆ ವರ್ಷ ಅಲ್ಲಿ ಓದುತ್ತಿದ್ದ ಭಾರತದ ತರುಣರೊಬ್ಬರು ಛಾಯಾಚಿತ್ರ ಫಲಕದಲ್ಲಿ ಹೊಸ ಧೂಮಕೇತುವೊಂದನ್ನು ಕಂಡರು. ಅವರೇ ವೇಣು ಬಾಪು. ಆ ಧೂಮಕೇತುವಿಗೆ ಬಾಪು, ಬಾಕ್ ಮತ್ತು ನ್ಯೂಕರ್ಕ್ ಎಂಬ ಮೂವರ ಹೆಸರಿದೆ. ಮುಂದೆ ಬಾಪು ಅವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು.

ಮರುವರ್ಷ, 1950ರಲ್ಲಿ, ವಿಪಲ್ ತಮ್ಮ ಅತ್ಯಂತ ಪ್ರಸಿದ್ಧ ವಿಚಾರವನ್ನು ಮುಂದಿಟ್ಟರು. ಧೂಮಕೇತು ಎಂದರೆ ಮರಳು ಕಣಗಳ ಸಡಿಲವಾದ ಗುಂಪು ಎಂದು ಬಹುಮಂದಿ ನಂಬಿದ್ದ ಕಾಲ. ವಿಪಲ್ ಒಪ್ಪಲಿಲ್ಲ. ಎಂಕೆ ಎಂಬ ಧೂಮಕೇತು 3.3 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಆದರೆ ಪ್ರತಿ ಸಲವೂ ಲೆಕ್ಕಕ್ಕಿಂತ ಸ್ವಲ್ಪ ಮೊದಲೇ ಬರುತ್ತಿತ್ತು. ಈ ಸಣ್ಣ ವ್ಯತ್ಯಾಸ ಅವರನ್ನು ಕಾಡಿತು. ಧೂಮಕೇತುವಿನ ನಡುವೆ ಮಂಜುಗಡ್ಡೆ ಮತ್ತು ಧೂಳು ಬೆರೆತ ಗಟ್ಟಿಯಾದ ಉಂಡೆಯಿದೆ, ಬಿಸಿಲಿಗೆ ಅದರ ಮಂಜು ಆವಿಯಾಗಿ ಚಿಮ್ಮುತ್ತದೆ, ಚಿಮ್ಮಿದ ಆವಿ ರಾಕೆಟ್ಟಿನಂತೆ ಉಂಡೆಯನ್ನು ತಳ್ಳುತ್ತದೆ ಎಂದು ಅವರು ವಿವರಿಸಿದರು. ಪತ್ರಿಕೆಗಳು ಇದಕ್ಕೆ ಕೊಳಕು ಹಿಮದ ಉಂಡೆ ಎಂದು ಅಡ್ಡಹೆಸರಿಟ್ಟವು. ಹೆಸರು ನಿಂತಿತು. ಆದರೆ ಆ ಉಂಡೆಯನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಧೂಮಕೇತುವಿನ ಸುತ್ತ ಧೂಳು ಮತ್ತು ಆವಿಯ ಮೋಡ ಕವಿದಿರುತ್ತದೆ. ಒಳಗೇನಿದೆ ಎಂದು ನೋಡಬೇಕಾದರೆ ಆ ಧೂಳಿನೊಳಕ್ಕೇ ನುಗ್ಗಬೇಕು.

1955ರಲ್ಲಿ ಅವರು ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕರಾದರು. 1973ರವರೆಗೂ ಆ ಹೊಣೆ ಹೊತ್ತರು. ಉಪಗ್ರಹಗಳು ಹಾರುವ ದಿನ ಹತ್ತಿರವಿದೆ ಎಂದರಿತು, ಅವುಗಳ ಜಾಡು ಹಿಡಿಯಲು ಹವ್ಯಾಸಿಗಳ ತಂಡಗಳನ್ನು ಕಟ್ಟಿದರು. ಶಿಕ್ಷಕರು, ಗೃಹಿಣಿಯರು, ಪ್ರೌಢಶಾಲೆಯ ಮಕ್ಕಳು ಕೂಡ ಸಣ್ಣ ದೂರದರ್ಶಕ ಹಿಡಿದು ಸಾಲಾಗಿ ಕುಳಿತು ಆಕಾಶ ನೋಡುವ ತಂಡಗಳಿವು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿ ಜಗತ್ತು ಬೆರಗಾದಾಗ, ಈ ತಂಡಗಳು ಕೆಲಸಕ್ಕೆ ಸಿದ್ಧವಾಗಿದ್ದವು. ಉಪಗ್ರಹಗಳ ಚಿತ್ರ ತೆಗೆಯಲು ಅವರ ಸಂಸ್ಥೆ ಲೋಕದ ಹಲವೆಡೆ ದೊಡ್ಡ ಕ್ಯಾಮೆರಾಗಳನ್ನೂ ಇಟ್ಟಿತು. ಅವುಗಳಲ್ಲಿ ಒಂದು ನಮ್ಮ ದೇಶದ ನೈನಿತಾಲಿನಲ್ಲಿತ್ತು. ಇಂದು ಬೆಂಗಳೂರಿನ ಪೀಣ್ಯದಲ್ಲಿ ಇಸ್ರೊ ಸಂಸ್ಥೆಯ ಕೇಂದ್ರವೊಂದು ಆಕಾಶದ ತ್ಯಾಜ್ಯದ ಮೇಲೆ ಕಣ್ಣಿಟ್ಟು ನಮ್ಮ ಉಪಗ್ರಹಗಳನ್ನು ಕಾಯುತ್ತದೆ. ಅಂಥ ಕಾವಲಿನ ಮೊದಲ ಪಾಠಗಳು ಕಲಿತದ್ದು ವಿಪಲ್ ಅವರ ಕಾಲದಲ್ಲಿ.

ಹ್ಯಾಲಿಯ ರಾತ್ರಿ

1986ರಲ್ಲಿ ಹ್ಯಾಲಿ ಧೂಮಕೇತು ಬಂದಿತು. 76 ವರ್ಷಗಳ ನಂತರ ಬಂದ ಆ ಅತಿಥಿಯ ಸುದ್ದಿಯನ್ನು ಆಗ ಈ ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದವರು ಮರೆತಿರಲಾರರು. ಅವರೆಲ್ಲ ಈಗ ಐವತ್ತು ದಾಟಿದ್ದಾರೆ. ಬಾಲಚುಕ್ಕಿ ಕಂಡರೆ ಕೇಡು ಎಂದು ಹಿರಿಯರು ಅಂಜುತ್ತಿದ್ದ ಕಾಲವೂ ಅದೇ.

ಹ್ಯಾಲಿಯನ್ನು ನೋಡಲು ಯುರೋಪಿನ ಬಾಹ್ಯಾಕಾಶ ಸಂಸ್ಥೆ 1985ರ ಜುಲೈ 2ರಂದು ಜಿಯೊಟ್ಟೊ ಎಂಬ ನೌಕೆಯನ್ನು ಕಳಿಸಿತ್ತು. ಧೂಮಕೇತು ಮತ್ತು ನೌಕೆ ಎದುರುಬದುರು ಧಾವಿಸುತ್ತಿದ್ದುದರಿಂದ ಅವುಗಳ ನಡುವಿನ ವೇಗ ಸೆಕೆಂಡಿಗೆ 68 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಎರಡು ಸೆಕೆಂಡಿನ ಚಿಲ್ಲರೆಯಲ್ಲಿ ತಲುಪುವ ವೇಗ ಅದು. ಆ ವೇಗದಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಧೂಳು ಬಡಿದರೂ, ಹತ್ತು ಟನ್ನಿನ ಲಾರಿ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಗುದ್ದಿದಷ್ಟು ಶಕ್ತಿ. ಅದನ್ನು ಒಂದೇ ಗೋಡೆಯಿಂದ ತಡೆಯಬೇಕಾದರೆ ಎಂಟು ಸೆಂಟಿಮೀಟರ್ ದಪ್ಪದ ಅಲ್ಯೂಮಿನಿಯಂ ಬೇಕಿತ್ತು. ಅಷ್ಟು ಭಾರ ಹೊರಲು ಜಿಯೊಟ್ಟೊಗೆ ಸಾಧ್ಯವಿರಲಿಲ್ಲ.

ಜಿಯೊಟ್ಟೊ ಹೊತ್ತದ್ದು ವಿಪಲ್ ಕವಚ. ಮುಂದೆ ಒಂದೇ ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, ಹಿಂದೆ ಸುಮಾರು ಕಾಲು ಮೀಟರ್ ಖಾಲಿ ಜಾಗ, ಅದರ ಹಿಂದೆ ಕೆವ್ಲಾರ್ ಎಂಬ ಗಟ್ಟಿ ನಾರಿನ ಪದರ. ಅಂದರೆ ವಿಪಲ್ ಅವರ 1950ರ ವಿಚಾರ ಸರಿಯೋ ತಪ್ಪೋ ಎಂದು ನೋಡಲು ಹೊರಟ ನೌಕೆಗೆ, ವಿಪಲ್ ಅವರೇ 1947ರಲ್ಲಿ ಹೇಳಿದ ತಗಡು ಕಾವಲಾಗಿ ನಿಂತಿತ್ತು. ತಗಡು ಸೋತರೆ ಉಂಡೆಯೂ ಕಾಣುತ್ತಿರಲಿಲ್ಲ. ಅವರಿಗಾಗ 79 ವರ್ಷ.

ಮಾರ್ಚ್ 13ರ ರಾತ್ರಿ ಕಳೆದು 14 ಮೂಡುವ ಹೊತ್ತಿಗೆ ಜಿಯೊಟ್ಟೊ ಧೂಳಿನ ಮೋಡದೊಳಕ್ಕೆ ನುಗ್ಗಿತು. ಸುಮಾರು 12,000 ಪೆಟ್ಟುಗಳು ದಾಖಲಾದವು. ಚಿತ್ರಗಳು ಬರುತ್ತಲೇ ಇದ್ದವು. ಅತ್ಯಂತ ಸಮೀಪಕ್ಕೆ ಹೋಗಲು ಕೆಲವೇ ಸೆಕೆಂಡು ಉಳಿದಿರುವಾಗ ಒಂದು ದೊಡ್ಡ ಕಣ ಬಡಿದು ನೌಕೆ ಓಲಾಡಿತು. ಅದರ ಆಂಟೆನಾ ಭೂಮಿಯಿಂದ ಆಚೆ ತಿರುಗಿತು. ಸಂಕೇತ ಕಡಿದುಹೋಯಿತು. ನೌಕೆ ಹಾಳಾಯಿತೆಂದೇ ಹಲವರು ಭಾವಿಸಿದರು. ಸುಮಾರು ಅರ್ಧ ಗಂಟೆಯಲ್ಲಿ ಓಲಾಟ ನಿಂತು ಸಂಪರ್ಕ ಮತ್ತೆ ಸ್ಥಿರವಾಯಿತು. ಕ್ಯಾಮೆರಾ ಕೆಟ್ಟಿತ್ತು, ನೌಕೆ ಬದುಕಿತ್ತು.

ಜಿಯೊಟ್ಟೊ ಹ್ಯಾಲಿಯ ನಡುಗಡ್ಡೆಯಿಂದ 596 ಕಿಲೋಮೀಟರ್ ದೂರದಲ್ಲಿ ಹಾದುಹೋಗಿತ್ತು. ಅದು ಕಳಿಸಿದ ಚಿತ್ರಗಳಲ್ಲಿ ಸುಮಾರು 15 ಕಿಲೋಮೀಟರ್ ಉದ್ದದ, ಇದ್ದಿಲಿಗಿಂತಲೂ ಕಪ್ಪಾದ ಗಟ್ಟಿ ಉಂಡೆಯೊಂದು ಬಿಸಿಲಿನ ಕಡೆಗೆ ಆವಿ ಮತ್ತು ಧೂಳನ್ನು ಚಿಮ್ಮಿಸುತ್ತಿತ್ತು. 36 ವರ್ಷಗಳ ಹಿಂದೆ ಲೆಕ್ಕದ ಬಲದಿಂದ ಹೇಳಿದ್ದು ಕಣ್ಣೆದುರು ನಿಂತಿತು. ಜಿಯೊಟ್ಟೊ ಅಲ್ಲಿಗೇ ನಿಲ್ಲದೆ 1992ರಲ್ಲಿ ಇನ್ನೊಂದು ಧೂಮಕೇತುವನ್ನೂ ಹಾದುಹೋಯಿತು.

ಕೊನೆಯ ದಿನಗಳು

ನಿವೃತ್ತಿಯ ನಂತರವೂ ವಿಪಲ್ ಕೆಲಸ ಬಿಡಲಿಲ್ಲ. ಇಳಿವಯಸ್ಸಿನಲ್ಲೂ ಸೈಕಲ್ ತುಳಿದು ವೀಕ್ಷಣಾಲಯಕ್ಕೆ ಹೋಗುತ್ತಿದ್ದರು. ಕಾಲಿನ ಆಟ ಕಸಿದುಕೊಂಡ ಪೋಲಿಯೊಗೆ ಇದಕ್ಕಿಂತ ಉತ್ತರ ಬೇಕೇ? ತೊಂಬತ್ತು ದಾಟಿದ ಮೇಲೂ ನಾಸಾದ ಒಂದು ಧೂಮಕೇತು ಯೋಜನೆಯ ತಂಡಕ್ಕೆ ಸೇರಿದರು. 2002ರಲ್ಲಿ ಹಾರಿದ ಆ ನೌಕೆ ಕೆಲವೇ ವಾರಗಳಲ್ಲಿ ನಷ್ಟವಾಯಿತು. 2004ರ ಜನವರಿ 2ರಂದು ಸ್ಟಾರ್‌ಡಸ್ಟ್ ಎಂಬ ಇನ್ನೊಂದು ನೌಕೆ, ವಿಪಲ್ ಕವಚವನ್ನೇ ಮುಂದೆ ಹಿಡಿದು, ಧೂಮಕೇತುವೊಂದರ ಧೂಳನ್ನು ಸಂಗ್ರಹಿಸಿತು. ಆ ಧೂಳು ಭೂಮಿಗೆ ಬಂದದ್ದು 2006ರಲ್ಲಿ. ಅದನ್ನು ನೋಡಲು ವಿಪಲ್ ಇರಲಿಲ್ಲ. 2004ರ ಆಗಸ್ಟ್ 30ರಂದು, 97ನೆಯ ವಯಸ್ಸಿನಲ್ಲಿ, ಅವರು ಕಣ್ಣು ಮುಚ್ಚಿದರು.

ಅವರ ತಗಡು ಈಗ ಹಲವು ರೂಪ ತಾಳಿದೆ. ನಡುವಿನ ಜಾಗದಲ್ಲಿ ಗಟ್ಟಿ ಬಟ್ಟೆಯ ಪದರಗಳನ್ನು ಸೇರಿಸಿದ ಕವಚಗಳು ಬಾಹ್ಯಾಕಾಶ ನಿಲ್ದಾಣವನ್ನು ಕಾಯುತ್ತವೆ. ಇಂದಿನ ಅಪಾಯ ಧೂಮಕೇತುಗಳ ಧೂಳಿಗಿಂತ ಹೆಚ್ಚಾಗಿ ನಾವೇ ಚೆಲ್ಲಿದ ಕಸದಿಂದ. ಒಡೆದ ರಾಕೆಟ್ಟು, ಸತ್ತ ಉಪಗ್ರಹ, ಉದುರಿದ ಬಣ್ಣದ ಚಕ್ಕೆ ಎಲ್ಲವೂ ಭೂಮಿಯ ಸುತ್ತ ತಿರುಗುತ್ತಿವೆ. 1983ರಲ್ಲಿ ಚಾಲೆಂಜರ್ ನೌಕೆಯ ಕಿಟಕಿಯ ಗಾಜಿನಲ್ಲಿ ಕುಳಿ ಬಿದ್ದದ್ದು ಅಂಥ ಒಂದು ಬಣ್ಣದ ಚಕ್ಕೆಯಿಂದ. ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳೇ ಹತ್ತು ಲಕ್ಷಕ್ಕೂ ಹೆಚ್ಚಿವೆ ಎಂಬುದು ತಜ್ಞರ ಅಂದಾಜು. ಹತ್ತು ಸೆಂಟಿಮೀಟರಿಗಿಂತ ದೊಡ್ಡದನ್ನು ರೇಡಾರಿನಲ್ಲಿ ನೋಡಿ ತಪ್ಪಿಸಿಕೊಳ್ಳಬಹುದು, ಒಂದಕ್ಕಿಂತ ಚಿಕ್ಕದನ್ನು ಕವಚ ತಾಳಬಹುದು. ನಡುವಿನವು ಇಂದಿಗೂ ತಲೆನೋವೇ.

ಮುಂದೊಂದು ದಿನ ಮನುಷ್ಯ ನಕ್ಷತ್ರಗಳಿಗೆ ನೌಕೆ ಕಳಿಸುವನೆ? ವಾಯೇಜರ್ 1 ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿದೆ. ಅದೇ ವೇಗದಲ್ಲಿ ಅತಿ ಹತ್ತಿರದ ನಕ್ಷತ್ರಕ್ಕೆ 70 ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಒಂದು ತಲೆಮಾರಿನಲ್ಲಿ ಮುಟ್ಟಬೇಕಾದರೆ ಬೆಳಕಿನ ವೇಗದ ಐದನೆಯ ಒಂದು ಭಾಗ, ಅಂದರೆ ಸೆಕೆಂಡಿಗೆ 60 ಸಾವಿರ ಕಿಲೋಮೀಟರ್ ಬೇಕು. 2016ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯ ಕನಸು ಅದೇ. ಆ ವೇಗದಲ್ಲಿ ಒಂದು ಮಿಲಿಗ್ರಾಂ ಕಣ ಬಡಿದರೆ 400 ಕಿಲೋಗ್ರಾಂಗೂ ಹೆಚ್ಚು ಟಿ.ಎನ್.ಟಿ. ಸಿಡಿದಷ್ಟು ಶಕ್ತಿ. ನಕ್ಷತ್ರಗಳ ನಡುವಿನ ಧೂಳು ಅದಕ್ಕಿಂತ ಎಷ್ಟೋ ಸಣ್ಣದು ಎಂಬುದೇ ಸಮಾಧಾನ. ಆದರೂ ಬಿಡಿ ಬಿಡಿ ಪರಮಾಣುಗಳೇ ವಿಕಿರಣದಂತೆ ನೌಕೆಯ ಮೈ ಕೊರೆಯುತ್ತವೆ. ಅಲ್ಲಿಗೆ ಒಂದು ತಗಡು ಸಾಲದು. 1970ರ ದಶಕದಲ್ಲಿ ಬ್ರಿಟನ್ನಿನ ತಜ್ಞರು ಡೇಡಲಸ್ ಎಂಬ ಕಾಲ್ಪನಿಕ ನೌಕೆಯ ನಕ್ಷೆ ಬರೆದಾಗ, ಅದರ ಮುಂದೆ ಬೆರಿಲಿಯಂ ಲೋಹದ ಕವಚವಿಟ್ಟರು. ಜೊತೆಗೆ, ಗುರಿಯ ನಕ್ಷತ್ರದ ಬಳಿ ನೌಕೆಗಿಂತ ಸುಮಾರು 200 ಕಿಲೋಮೀಟರ್ ಮುಂದೆ ಧೂಳಿನ ಮೋಡವನ್ನೇ ಹರಡುವ ಉಪಾಯ ಹೇಳಿದರು. ದೊಡ್ಡ ಕಣ ಬಂದರೆ ಮೊದಲು ಆ ಮೋಡಕ್ಕೆ ಬಡಿದು ಆವಿಯಾಗಲಿ ಎಂಬುದು ಅವರ ಲೆಕ್ಕ. ಪೆಟ್ಟು ಮೈಗೆ ತಾಗುವ ಮೊದಲೇ ಅದನ್ನು ದೂರದಲ್ಲಿ ಒಡೆಯಬೇಕೆಂಬ ವಿಪಲ್ ಅವರ ವಿಚಾರವೇ ಇಲ್ಲಿ ಕಾಲು ಮೀಟರಿನಿಂದ 200 ಕಿಲೋಮೀಟರಿಗೆ ಹಿಗ್ಗಿದೆ.

ಪ್ರಿಯ ವಿದ್ಯಾರ್ಥಿಗಳೇ, ವಿಪಲ್ ಅವರಿಗೆ ಕವಚ ಹೊಳೆದದ್ದು ಕವಚವನ್ನು ಹುಡುಕಿದ್ದರಿಂದಲ್ಲ. ವರ್ಷಗಟ್ಟಲೆ ಉಲ್ಕೆಗಳ ಗೆರೆ ಅಳೆದದ್ದರಿಂದ. ಯಾರಿಗೂ ಬೇಡವಾದ ಧೂಳನ್ನು ಅವರು ಬೇಕೆಂದು ಓದಿದರು, ಆ ಓದು ಮುಂದೆ ಮನುಷ್ಯರ ಜೀವ ಕಾಯಿತು. ನಿಮ್ಮ ಪ್ರಯೋಗಾಲಯದ ಸಣ್ಣ ಅಳತೆಗಳನ್ನೂ, ಲೆಕ್ಕದ ಪುಸ್ತಕದ ಉದ್ದ ಉದ್ದ ಭಾಗಾಕಾರಗಳನ್ನೂ ಸಣ್ಣದೆಂದು ಬಿಡಬೇಡಿ. ಮನೆಯ ಅಂಗಳಕ್ಕೆ ಬಂದು ತಲೆಯೆತ್ತಿದರೆ ಸಾಕು, ವಿಪಲ್ ಅವರ ಪ್ರಯೋಗಾಲಯ ಇಂದಿಗೂ ಅಲ್ಲೇ ತೆರೆದಿದೆ. ಐವತ್ತು ವರ್ಷ ತುಂಬಿದ ಈ ಶಾಲೆಯಿಂದ ಅದನ್ನು ನೋಡಿ ಪ್ರಶ್ನೆ ಕೇಳುವ ಒಂದಿಬ್ಬರಾದರೂ ಹೊರಬರಲಿ ಎಂದು ಹಾರೈಸುತ್ತೇನೆ.